ಅಂಗಳದ ಆಚೆಯ ಕ್ಲಾರಿನೆಟ್

ಕದ್ರಿ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆಯಿದೆ. ಅಂಗಳ ದಾಟಿದರೆ ನಮ್ಮದೇ ಒಂದು ಸಣ್ಣ ಬಿಡಾರ: ಎರಡು ಕೋಣೆ, ಅಡುಗೆಮನೆ, ಮುಂದೆ ಒಂದು ಕಿರಿದಾದ ಜಗಲಿ. ಮೊದಲು ಅಲ್ಲಿ ಕಾಲೇಜಿನ ಹುಡುಗರು ಬಾಡಿಗೆಗಿದ್ದರು. ಬಾವಿಕಟ್ಟೆಯ ಮೇಲೆ ಬೀಡಿಯ ತುಂಡು ಸಿಕ್ಕಿದ ದಿನವೇ ತಮ್ಮಲೆ ಅವರನ್ನು ಎಬ್ಬಿಸಿ ಕಳಿಸಿದರು. ತಾಯಿಯ ಅಣ್ಣನನ್ನು ನಾವು ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ನಮ್ಮವರಲ್ಲಿ ಮನೆ ತಾಯಿಯ ಕಡೆಯಿಂದ ಬರುತ್ತದೆ, ಯಜಮಾನಿಕೆ ತಮ್ಮಲೆಗೆ ಸೇರುತ್ತದೆ. ಯಾರು ಇರಬೇಕು, ಯಾರು ಹೋಗಬೇಕು ಎಂದು ಹೇಳುವವರು ಅವರೊಬ್ಬರೇ.

ಆಗ ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಬಂದು ಇಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುವ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದರು. ನನಗಿಂತ ಬಹಳ ಹಿರಿಯರು. ಕೊಂಕಣಿಯಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಅವರನ್ನು ನಾನು ಬಾಯಿ ಎಂದು ಕರೆಯುತ್ತಿದ್ದೆ. ಅವರ ತಮ್ಮ ರಂಗೂನಿನ ಒಂದು ಹೋಟೆಲಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಯುದ್ಧ ಅಲ್ಲಿಗೆ ಬಂದಾಗ ಉಳಿದವರೊಂದಿಗೆ ಕಾಡುದಾರಿಯಲ್ಲಿ ನಡೆದು, ಮಲೇರಿಯಾ ಹಿಡಿಸಿಕೊಂಡು, ಹೇಗೋ ಊರು ಸೇರಿದ್ದರು. ಮಣ್ಣಗುಡ್ಡದಲ್ಲಿ ಅಕ್ಕ ಇದ್ದ ಬಾಡಿಗೆಮನೆಯವರು ಈ ತಮ್ಮನ ಕೆಮ್ಮು ಕೇಳಿ ಹೆದರಿದರು. ಅದು ಕ್ಷಯವಲ್ಲ ಎಂದು ಡಾಕ್ಟರು ಹೇಳಿದ್ದರೂ ಅವರು ನಂಬಲಿಲ್ಲ. ಮತ್ತೆ ಹೋದಲ್ಲೆಲ್ಲ ಅದೇ ಕಥೆ. ತಮ್ಮನನ್ನು ಅಂಗಳದಾಚೆ ನಿಲ್ಲಿಸಿ ಬಾಯಿ ಮನೆಯೊಳಗೆ ಬಾಡಿಗೆಯ ಮಾತಾಡುತ್ತಿರುವಾಗ ಹೊರಗಿನಿಂದ ಕೆಮ್ಮು ಕೇಳಿಸಿಬಿಡುತ್ತಿತ್ತಂತೆ.

ನಾನು ತಮ್ಮಲೆಗೆ ಹೇಳಿದೆ. ಅವರು ಕೇಳಿದ್ದು ಒಂದೇ: “ಬೀಡಿ ಎಳೆಯುತ್ತಾನೋ?”

“ಇಲ್ಲವಂತೆ.”

“ಹಾಗಾದರೆ ಬರಲಿ.”

ಹೀಗೆ ಅವರು ಬಂದರು. ತಮ್ಮನಿಗೆ ಹಂಚಿನ ಕಾರ್ಖಾನೆಯೊಂದರಲ್ಲಿ ಬರೆಯುವ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋದರೆ ಸಂಜೆ ಬರುವವರು. ಅವರ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ನೋಡಬೇಕಾದ ಸಂದರ್ಭವೂ ಇರಲಿಲ್ಲ.

ಸಂಜೆಯ ಹೊತ್ತು ನಮ್ಮ ಮನೆಯಲ್ಲಿ ಬದಲಾಗದ ಒಂದು ಕ್ರಮವಿತ್ತು. ತಮ್ಮಲೆಗೆ ಬಂದರಿನಲ್ಲಿ ಅಕ್ಕಿಯ ವ್ಯಾಪಾರ. ಅವರು ಮನೆಗೆ ಬಂದು ಸ್ನಾನ ಮಾಡಿ, ಕಾಫಿ ಕುಡಿದು, ಮನೆಯ ಮುಂದಿನ ಚಾವಡಿಯ ಆರಾಮ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಒಳಗಿನ ಕಿಟಕಿಯ ಬಳಿ ಚಾಪೆಯ ಮೇಲೆ ಕೂತು ಪಿಟೀಲು ನುಡಿಸಬೇಕು. ಅಮ್ಮ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಿದ್ದರು. ಇದನ್ನು ತಮ್ಮಲೆ ವಿಶ್ರಾಂತಿ ಎಂದು ಕರೆಯುತ್ತಿದ್ದರು. ಆದರೆ ಅವರ ಬಲಗೈ ಕುರ್ಚಿಯ ತೋಳಿನ ಮೇಲೆ ಮೊದಲಿನಿಂದ ಕೊನೆಯವರೆಗೆ ತಾಳ ಹಾಕುತ್ತಲೇ ಇರುತ್ತಿತ್ತು. ನಾನು ಒಂದು ಅಕ್ಷರ ಬೇಗ ಬಂದರೆ ಆ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ದಿನವಿಡೀ ಅಕ್ಕಿಯ ತೂಕ ನೋಡಿ ಬಂದವರು ಸಂಜೆ ನನ್ನ ಸಂಗೀತದ ತೂಕ ನೋಡುತ್ತಿದ್ದರು. ಅದು ಅವರಿಗೂ ದಣಿವು, ನನಗೂ ದಣಿವು. ನಾವಿಬ್ಬರೂ ಅದನ್ನು ಹೇಳಿಕೊಂಡಿರಲಿಲ್ಲ.

ಅಂಥ ಒಂದು ಸಂಜೆ ಅಂಗಳದ ಆಚೆಯಿಂದ ಕ್ಲಾರಿನೆಟ್ ಕೇಳಿಸಿತು. ಜೋರಾಗಿ ಅಲ್ಲ. ಎದೆಯಲ್ಲಿ ಬಲವಿಲ್ಲದವರು ಊದುವ ಹಾಗೆ ಕೆಳಗಿನ ಸ್ವರಗಳಲ್ಲೇ ಮೆಲ್ಲಗೆ ಸುತ್ತುತ್ತಿತ್ತು. ಆದರೂ ನನ್ನ ಶ್ರುತಿಗೂ ಅದಕ್ಕೂ ಅರ್ಧ ಸ್ವರದ ಅಂತರ. ಹಲ್ಲಿನಡಿಗೆ ಕಲ್ಲು ಸಿಕ್ಕಿದ ಹಾಗಾಯಿತು.

ತಮ್ಮಲೆ ಕಣ್ಣು ತೆರೆದರು. “ಅದೆಂತ ಅದು? ಆಡು ಉಂಟೋ ಬಿಡಾರದಲ್ಲಿ?”

“ಆಡಲ್ಲ ಅಣ್ಣ, ಪೀಪಿ,” ಎಂದರು ಅಮ್ಮ.

“ಪೀಪಿಯಾದರೆ ಮದುವೆ ಎಲ್ಲಿ?”

ಆ ವಾರ ಅದು ದಿನವೂ ಕೇಳಿಸಿತು. ವಾರದ ಕೊನೆಗೆ ತಮ್ಮಲೆ ನನ್ನನ್ನು ಕರೆದು ಹೇಳಿದರು: “ಬಾಲೆ, ಅವರನ್ನು ತಂದದ್ದು ನೀನು. ನೀನೇ ಹೇಳು. ಸುಗ್ಗಿ ತಿಂಗಳು ಮುಗಿಯುವುದರೊಳಗೆ ಆ ಊದುವುದು ನಿಲ್ಲಬೇಕು. ಇಲ್ಲವಾದರೆ ಬೇರೆ ಬಿಡಾರ ನೋಡಿಕೊಳ್ಳಲಿ.” ಸುಗ್ಗಿ ಎಂದರೆ ತುಳುವರ ಲೆಕ್ಕದಲ್ಲಿ ಮಾರ್ಚ್ ನಡುವೆ ಶುರುವಾಗುವ ತಿಂಗಳು. ಬಾಲೆ ಎಂದರೆ ತುಳುವಿನಲ್ಲಿ ಮಗು. ನಾನು ಮಕ್ಕಳಿಗೆ ಇತಿಹಾಸ ಕಲಿಸುವವಳಾದರೂ ಅವರಿಗೆ ಬಾಲೆಯೇ.

ಮರುದಿನ ಶಾಲೆಯಲ್ಲಿ ಊಟದ ಹೊತ್ತಿಗೆ ಬಾಯಿಗೆ ವಿಷಯ ತಿಳಿಸಿದೆ. ಅವರು ಸೂಜಿಗೆ ನೂಲು ಪೋಣಿಸುತ್ತಿದ್ದವರು ಹಾಗೇ ಕೈ ಇಳಿಸಿದರು.

“ನಿಲ್ಲಿಸು ಅಂದರೆ ನಿಲ್ಲಿಸುತ್ತಾನೆ ಟೀಚರ್. ಅವನು ಎದುರು ಮಾತಾಡುವವನಲ್ಲ,” ಎಂದರು. “ಆದರೆ ಊದದ ದಿನ ಅವನು ಊಟಕ್ಕೆ ಕೂತರೂ ಬಾಯಿ ತೆರೆಯುವುದಿಲ್ಲ. ಬರ್ಮಾದ ದಾರಿಯಲ್ಲಿ ಹಾಸಿಗೆ ಬಿಟ್ಟ, ಅಕ್ಕಿ ಬಿಟ್ಟ, ಬೂಟು ಬಿಟ್ಟ. ಆ ಪೆಟ್ಟಿಗೆ ಒಂದನ್ನು ಬಿಡಲಿಲ್ಲ.” ಮತ್ತೆ ನೂಲು ಎತ್ತಿಕೊಂಡು ಕೇಳಿದರು: “ಧನಿಗಳಿಗೆ ಬೇರೆ ಹೊತ್ತು ಯಾವುದಾದರೂ ಆದೀತೋ?”

ಬೇರೆ ಹೊತ್ತು ಇರಲಿಲ್ಲ. ಹಗಲು ಅವರು ಕಾರ್ಖಾನೆಯಲ್ಲಿ. ಊಟವಾದ ಮೇಲೆ ತಮ್ಮಲೆಗೆ ನಿದ್ದೆ.

ನಾನು ಯೋಚಿಸಿದ್ದು ಸಣ್ಣ ವಿಷಯ. ಎರಡು ವಾದ್ಯ ಒಂದೇ ಹೊತ್ತಿಗೆ ಕೇಳಿಸಲೇಬೇಕಾದರೆ ಕನಿಷ್ಠ ಅವು ಜಗಳವಾಡಬಾರದು. ಕ್ಲಾರಿನೆಟ್ಟಿನ ಶ್ರುತಿಯನ್ನು ಮರದಲ್ಲಿ ಕೊರೆದಿಟ್ಟಿರುತ್ತಾರೆ, ಅದನ್ನು ಹೆಚ್ಚು ಏರಿಸಿ ಇಳಿಸಲು ಆಗುವುದಿಲ್ಲ. ಪಿಟೀಲಿಗೆ ಆ ತೊಂದರೆಯಿಲ್ಲ, ಬಿರಡೆ ತಿರುವಿದರೆ ಆಯಿತು. “ಅವರ ವಾದ್ಯ ಸುಲಭವಾಗಿ ನಿಲ್ಲುವುದು ಯಾವ ಸ್ವರದಲ್ಲಿ ಎಂದು ಕೇಳಿ ಬನ್ನಿ,” ಎಂದೆ. ಬಾಯಿ ಮರುದಿನ ಉತ್ತರ ತಂದರು. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಅದು ಕಪ್ಪು ಐದು. ನನ್ನದು ಬಿಳಿ ಆರು, ಅದಕ್ಕಿಂತ ಒಂದು ಮನೆ ಕೆಳಗೆ. ಆ ಸಂಜೆ ನಾನು ತಂತಿಗಳನ್ನು ಅರ್ಧ ಸ್ವರ ಏರಿಸಿದೆ. ಅಮ್ಮನ ಶ್ರುತಿಪೆಟ್ಟಿಗೆಯನ್ನೂ ಹಾಗೆಯೇ ಬದಲಿಸಿದೆ. ಅಮ್ಮ ನನ್ನ ಮುಖ ನೋಡಿ ತಿದಿಗೆ ಕೈ ಹಾಕಿದರು.

ಕೃತಿ ನುಡಿಸಲಿಲ್ಲ. ಮೋಹನ ರಾಗವನ್ನು ತಾಳವಿಲ್ಲದೆ, ಒಂದೊಂದು ಸ್ವರದಲ್ಲೂ ನಿಂತು ನಿಂತು ನುಡಿಸಿದೆ. ಆಮೇಲೆ ಕ್ಲಾರಿನೆಟ್ ನನ್ನ ಷಡ್ಜದ ಕೆಳಗೆ ಬಂದು, ದೊಡ್ಡವರಿರುವ ಕೋಣೆಯಲ್ಲಿ ಸಣ್ಣವರು ಕೂರುವ ಹಾಗೆ, ಒಂದು ಮೂಲೆಯಲ್ಲಿ ಕೂತಿತು.

ನಾವು ಹೀಗೆ ಮುಂದುವರಿದೆವು. ನಾನು ಒಳಗಿನ ಕಿಟಕಿಯ ಬಳಿ, ಅವರು ಬಿಡಾರದ ಜಗಲಿಯಲ್ಲಿ. ಮಧ್ಯೆ ಅಂಗಳ, ಬಟ್ಟೆ ಒಣಗಿಸುವ ಹಗ್ಗ, ತುಳಸಿಕಟ್ಟೆ. ಅವರು ರಂಗೂನಿನಲ್ಲಿ ಊದುತ್ತಿದ್ದುದು ಜಾಜ್. ಊಟವಾದ ಮೇಲೆ ಕಾಲು ಚಾಚಿ ಕೂತವರಿಗಾಗಿ ಬ್ಯಾಂಡಿನವರು ನಿಧಾನವಾಗಿ ಊದುವ ಜಾಜ್. ನಾನು ಅದನ್ನು ಮದ್ರಾಸಿನಲ್ಲಿ ಗೆಳತಿಯೊಬ್ಬಳ ಮನೆಯ ಗ್ರಾಮಫೋನಿನಲ್ಲಿ ಕೇಳಿದ್ದೆ, ಆದರೆ ಗಮನವಿಟ್ಟು ಅಲ್ಲ. ಈಗ ಗಮನವಿಡಬೇಕಾಯಿತು. ಅದರ ಪೆಟ್ಟು ಬೀಳುವ ಜಾಗ ನನಗೆ ತಿಳಿಯುತ್ತಿರಲಿಲ್ಲ. ಬಾಯಿಯ ಮೂಲಕ ಕೇಳಿದಾಗ ಬಂದ ಉತ್ತರ ಇದು: “ಹೆಜ್ಜೆ ಊರುವ ಕಡೆ ತಾಳ ಹುಡುಕಬೇಡಿ, ಹೆಜ್ಜೆ ಎತ್ತುವ ಕಡೆ ಹುಡುಕಿ ಅಂತ ಹೇಳಿದ, ಟೀಚರ್. ನನಗೆ ಎಂತ ಅರ್ಥವೂ ಆಗಲಿಲ್ಲ.” ನನಗೆ ಆಯಿತು.

ಇಬ್ಬರೂ ಏನಾದರೂ ಬಿಡಬೇಕಿತ್ತು. ಅವರ ಸಂಗೀತದಲ್ಲಿ ತಳದ ಸ್ವರ ಆಗಾಗ ಜಾಗ ಬದಲಿಸುತ್ತದೆ; ನಮ್ಮ ಶ್ರುತಿ ಅಲುಗುವುದಿಲ್ಲ. ಆದ್ದರಿಂದ ಅವರು ಆ ಅಲೆದಾಟವನ್ನು ಬಿಟ್ಟರು. ನಾನು ಕೃತಿಯನ್ನು, ವೇಗವನ್ನು, ನನಗೆ ಬರುವುದನ್ನೆಲ್ಲ ತೋರಿಸುವ ಆಸೆಯನ್ನು ಬಿಟ್ಟೆ. ಶುದ್ಧ ಧನ್ಯಾಸಿ ಇಬ್ಬರಿಗೂ ಚೆನ್ನಾಗಿ ಒಗ್ಗಿತು. ಅದರ ಐದು ಸ್ವರಗಳು ಅವರ ಬ್ಯಾಂಡಿನಲ್ಲಿ ದುಃಖದ ಹಾಡುಗಳಿಗೆ ಬರುವ ಸ್ವರಗಳೇ ಅಂತೆ. ಅವರು ಗಾಂಧಾರವನ್ನು ತುಟಿಯಿಂದ ಸ್ವಲ್ಪ ಜಾರಿಸುತ್ತಿದ್ದರು. ತಮ್ಮಲೆ ಒಮ್ಮೆ ಅದನ್ನು “ಶೇಂದಿ ಕುಡಿದ ಸ್ವರ” ಎಂದರು. ಆದರೆ ನಿಲ್ಲಿಸು ಎನ್ನಲಿಲ್ಲ.

ಅವರಿಗೆ ಇಷ್ಟವಾಗಿಲ್ಲ ಎಂದೇ ನಾನು ತಿಳಿದಿದ್ದೆ. ಏಕೆಂದರೆ ಅವರ ಕೈ ತಾಳ ಹಾಕುವುದನ್ನು ಬಿಟ್ಟಿತ್ತು. ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲಾಗಿ ಸುಮ್ಮನೆ ಬಿದ್ದಿರುತ್ತಿತ್ತು. ಒಂದು ಸಂಜೆ ಅವರು ಕೂತಲ್ಲೇ ಗೊರಕೆ ಹೊಡೆದರು. ನಾನು ಕಮಾನು ಇಳಿಸಿದೆ.

“ನಿಲ್ಲಿಸಬೇಡ ಮಾರಾಯ್ತಿ,” ಎಂದರು ಅಮ್ಮ ಪಿಸುದನಿಯಲ್ಲಿ. “ನಿನ್ನ ಅಜ್ಜ ತೀರಿಹೋದಂದಿನಿಂದ ಅಣ್ಣ ಹೀಗೆ ಕೈ ಸಡಿಲ ಬಿಟ್ಟು ಕೂತದ್ದನ್ನು ನಾನು ನೋಡಿಲ್ಲ.”

ಸುಗ್ಗಿ ತಿಂಗಳು ಮುಗಿಯುತ್ತ ಬಂತು. ಬಿಡಾರದ ವಿಷಯ ತಮ್ಮಲೆ ಮತ್ತೆ ಎತ್ತಲಿಲ್ಲ. ಬಾಯಿ ಅಂಗಳದಲ್ಲಿ ಬಸಳೆ ಚಪ್ಪರ ಹಾಕಲು ಅಮ್ಮನ ಹತ್ತಿರ ಕೋಲು ಕೇಳಿ ತೆಗೆದುಕೊಂಡರು. ಮನೆ ಬಿಡುವವರು ಬಸಳೆ ಹಾಕುವುದಿಲ್ಲ ಎಂದು ನಾನೂ ಸಮಾಧಾನಪಟ್ಟೆ.

ಆಗ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ತಮ್ಮಲೆ ನನ್ನನ್ನು ಚಾವಡಿಗೆ ಕರೆದರು. ಅಮ್ಮ ಬಾಗಿಲ ಬಳಿ ನಿಂತಿದ್ದರು.

“ನೀನೂ ಆ ಊದುವವನೂ ಎಲ್ಲಿ ಕೂತು ಅಭ್ಯಾಸ ಮಾಡುವುದು?” ಎಂದು ತಮ್ಮಲೆ ಕೇಳಿದರು. ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

“ಎಲ್ಲಿಯೂ ಇಲ್ಲ ತಮ್ಮಲೆ. ನಾನು ಅವರೊಡನೆ ಮಾತೇ ಆಡಿಲ್ಲ.”

“ನನ್ನ ಕಿವಿಗೆ ಇನ್ನೂ ವಯಸ್ಸಾಗಿಲ್ಲ ಬಾಲೆ. ನೀನು ನಿಲ್ಲಿಸುವ ಮೊದಲೇ ಅವನು ಉಸಿರು ಹಿಡಿಯುತ್ತಾನೆ. ನೀನು ಪಂಚಮಕ್ಕೆ ಹೋಗುವುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಹತ್ತಿರ ಕೂತು, ಮುಖ ನೋಡಿ, ತುಂಬ ದಿನ ಬಾರಿಸಿದವರಿಗೆ ಮಾತ್ರ ಹಾಗೆ ಬರುವುದು.”

ಸಂಗೀತ ತಿಳಿಯದವರಾಗಿದ್ದರೆ ಅವರಿಗೆ ಈ ಸಂಶಯ ಬರುತ್ತಲೇ ಇರಲಿಲ್ಲ. ಚೆನ್ನಾಗಿ ಕೇಳಿದ್ದರಿಂದಲೇ ಅವರು ತಪ್ಪು ತಿಳಿದಿದ್ದರು. ನಾವು ಸರಿಯಾಗಿ ನುಡಿಸಿದಷ್ಟೂ ನನ್ನ ಮಾತು ಸುಳ್ಳಾಗುತ್ತಿತ್ತು.

“ಹಾಗಾದರೆ ನಾನು ಸಂಜೆ ಬಾರಿಸುವುದಿಲ್ಲ,” ಎಂದೆ. “ಅವರನ್ನು ಎಬ್ಬಿಸಬೇಡಿ. ಬೇರೆ ಕಡೆ ಅವರಿಗೆ ಬಿಡಾರ ಸಿಗುವುದಿಲ್ಲ.”

“ನೀನು ನಿಲ್ಲಿಸಿದರೆ ಏನೋ ಇತ್ತು ಅಂತಲೇ ಆಯಿತಲ್ಲ. ನಿನಗೆ ಒಳ್ಳೆಯ ಹೆಸರು ಉಂಟು. ಅದನ್ನು ಕಾಯಬೇಕಾದವನು ನಾನು. ಅವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಅವರು ಹೋಗಲಿ. ಬೇಕಾದರೆ ಬಿಕರ್ನಕಟ್ಟೆಯ ಕಡೆ ನಾನೇ ವಿಚಾರಿಸುತ್ತೇನೆ.”

ಅಮ್ಮ ಬಾಗಿಲ ಬಳಿಯಿಂದ ಮುಂದೆ ಬಂದರು. “ಅಣ್ಣ, ಇದು ಕಿವಿಯ ವಿಷಯವಾದರೆ ಕಿವಿಯಿಂದಲೇ ನೋಡುವ. ಇವತ್ತು ಸಂಜೆ ರಾಗ ನೀನು ಹೇಳು. ಇವಳು ಕೂತ ಮೇಲೆ ಹೇಳು. ಕೇಳಿಯೇ ಊದುವವನಾದರೆ ತಪ್ಪಿಯಾದರೂ ಹಿಂದೆ ಬಂದಾನು. ಇವಳ ಜೊತೆ ಮೊದಲೇ ಕಲಿತು ಊದುವವನಾದರೆ ಸುಮ್ಮನೆ ಕೂತಾನು.”

“ಇದು ಪರೀಕ್ಷೆ ಅಂತ ಅಷ್ಟರಲ್ಲಿ ಇವಳು ಹೇಳಿ ಕಳಿಸಿದರೆ?”

“ಇವಳು ನನ್ನ ಹತ್ತಿರ ಹಲಸಿನ ಸೊಳೆ ಬಿಡಿಸುತ್ತಾಳೆ. ಕೈಗೆ ಮೇಣ ಹಿಡಿದ ಮೇಲೆ ಎಲ್ಲಿಗೆ ಹೋಗುವುದು?”

ತಮ್ಮಲೆ ನಕ್ಕರು, ಒಪ್ಪಿದರು. ನಾನು ಇಡೀ ದಿನ ಹಲಸು ಬಿಡಿಸಿದೆ. ಅಂಗಳದಾಚೆ ಬಾಯಿ ಬಸಳೆಗೆ ನೀರು ಹಾಕುತ್ತಿದ್ದುದು ಕಾಣುತ್ತಿತ್ತು. ಅವರಿಗೆ ಏನೂ ಗೊತ್ತಿರಲಿಲ್ಲ.

ಸಂಜೆ ಎಣ್ಣೆ ಹಚ್ಚಿ ಮೇಣ ತೆಗೆದು ಪಿಟೀಲು ಹಿಡಿದೆ. ತಮ್ಮಲೆ ಕುರ್ಚಿಯಲ್ಲಿ ಒರಗದೆ ನೆಟ್ಟಗೆ ಕೂತಿದ್ದರು.

“ವರಾಳಿ,” ಎಂದರು.

ವರಾಳಿ ಸುಲಭದ ರಾಗವಲ್ಲ. ಅದರ ಗಾಂಧಾರ ತೀರ ಕೆಳಗೆ, ರಿಷಭದ ಪಕ್ಕದಲ್ಲೇ ಇರುತ್ತದೆ. ಮಧ್ಯಮ ಮೇಲೆ, ಪಂಚಮವನ್ನು ಮುಟ್ಟುವಷ್ಟು ಹತ್ತಿರ. ಇಂಥ ದಾರಿ ಯಾವ ಜಾಜಿನಲ್ಲೂ ಇರಲಿಕ್ಕಿಲ್ಲ. ನಾನೇ ಅದನ್ನು ಮನೆಯಲ್ಲಿ ಹೆಚ್ಚು ನುಡಿಸಿದವಳಲ್ಲ.

ಶುರುಮಾಡಿದೆ. ಬಿಡಾರದ ಜಗಲಿಯಿಂದ ಎಂದಿನಂತೆ ಕೆಳಗಿನ ಷಡ್ಜ ಬಂತು. ನಾನು ಗಾಂಧಾರಕ್ಕೆ ಹೋದೆ. ಅವರು ತಮಗೆ ರೂಢಿಯ ಗಾಂಧಾರವನ್ನೇ ಹಿಡಿದರು. ಅದು ಎಷ್ಟು ಕೆಟ್ಟದಾಗಿ ಕೇಳಿಸಿತು ಎಂದರೆ ಅಮ್ಮನ ಕೈ ತಿದಿಯ ಮೇಲೆ ಒಂದು ಗಳಿಗೆ ನಿಂತಿತು. ಕ್ಲಾರಿನೆಟ್ ನಿಂತೇಹೋಯಿತು. ಆಮೇಲೆ ಏನೂ ಇಲ್ಲ.

ತಮ್ಮಲೆ ನನ್ನ ಕಡೆ ನೋಡಲಿಲ್ಲ. ಅಂಗಳದ ಕಡೆಯೇ ನೋಡುತ್ತಿದ್ದರು. ಅವರ ಮುಖದಲ್ಲಿ ಗೆದ್ದ ಭಾವವಿರಲಿಲ್ಲ. ನಿಜವಾಗಬಾರದು ಎಂದುಕೊಂಡದ್ದು ನಿಜವಾದಾಗ ಮುಖ ಹೇಗಿರುತ್ತದೋ ಹಾಗಿತ್ತು.

ನಾನು ನಿಲ್ಲಿಸಲಿಲ್ಲ. ನಿಧಾನ ಮಾಡಿದೆ. ಆ ಗಾಂಧಾರದಲ್ಲಿ ರಾಗ ಅನುಮತಿ ಕೊಡುವಷ್ಟು ಹೊತ್ತು ನಿಂತೆ, ಅದಕ್ಕಿಂತ ಹೆಚ್ಚಲ್ಲ. ಮಧ್ಯಮಕ್ಕೆ ಹೋಗಿ ಬಂದೆ. ಮತ್ತೆ ಹೋದೆ. ಬಾಯಿಯ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಆಮೇಲೆ ಅದೂ ನಿಂತಿತು. ಬಹುಶಃ ತಮ್ಮನೇ ಕೈಸನ್ನೆ ಮಾಡಿರಬೇಕು.

ಆಮೇಲೆ ಒಂದು ಪಂಚಮ ಬಂತು. ಅದು ಹೆಚ್ಚಿನ ರಾಗಗಳಲ್ಲಿ ತಪ್ಪಾಗದ ಸ್ವರ. ಅಲ್ಲಿಂದ ಅವರು ಕೆಳಕ್ಕೆ ಇಳಿದು ಮಧ್ಯಮವನ್ನು ಮುಟ್ಟಿ ನೋಡಿದರು. ತಗ್ಗಾಯಿತು. ಬಿಟ್ಟರು. ಮತ್ತೆ ಮುಟ್ಟಿ, ಈ ಸಲ ತುಟಿ ಬಿಗಿಹಿಡಿದು ಅದನ್ನು ಮೇಲಕ್ಕೆ ತಳ್ಳಿದರು. ಆ ಮಧ್ಯಮ ಕ್ಲಾರಿನೆಟ್ಟಿನ ಯಾವ ತೂತಿನಲ್ಲೂ ಇಲ್ಲ. ತಮ್ಮಲೆ ಶೇಂದಿ ಕುಡಿದದ್ದು ಎಂದ ಆ ಜಾರಿಕೆಯಿಂದಲೇ ಅವರು ಅದನ್ನು ತೆಗೆದರು. ಗಾಂಧಾರ ಇನ್ನೂ ತಡವಾಗಿ ಬಂತು. ಅದನ್ನು ಅವರು ಎರಡು ಸಲ ತಪ್ಪಿದರು. ಮೂರನೆಯ ಸಲ ನನ್ನ ಪಕ್ಕದಲ್ಲಿ ಬಂದು ನಿಂತರು. ಪೂರ್ತಿ ವರಾಳಿಯಾಗಿರಲಿಲ್ಲ ಅದು. ಆದರೆ ಹೊಸ ಊರಿನಲ್ಲಿ ಮನೆ ಹುಡುಕುವವರು ಬಾಗಿಲಿಂದ ಬಾಗಿಲಿಗೆ ಹೋಗುವ ರೀತಿ ಅದರಲ್ಲಿ ಸ್ಪಷ್ಟವಾಗಿತ್ತು. ಅದನ್ನು ಯಾರೂ ಮೊದಲೇ ಕಲಿತು ಬಂದು ಊದಲಾರರು.

ನಾನು ಕಮಾನು ಇಳಿಸಿದೆ. ತಮ್ಮಲೆ ತಾವಾಗಿ ಮಾತಾಡುವವರೆಗೆ ಕಾಯುವುದು ನಮ್ಮ ಮನೆಯ ಪದ್ಧತಿ. ಆ ದಿನ ನಾನು ಕಾಯಲಿಲ್ಲ.

“ತಮ್ಮಲೆ, ನಾನು ವರಾಳಿ ಕಲಿತದ್ದು ಹೇಗೆ ಎಂದು ನಿಮಗೆ ಗೊತ್ತುಂಟಲ್ಲ,” ಎಂದೆ.

ಅವರಿಗೆ ಗೊತ್ತಿತ್ತು. ವರಾಳಿಯನ್ನು ಗುರು ಶಿಷ್ಯರಿಗೆ ಎದುರು ಕೂರಿಸಿ ಕಲಿಸುವುದಿಲ್ಲ. ಕಲಿಸಿದರೆ ಇಬ್ಬರಿಗೂ ಮನಸ್ಸು ಮುರಿಯುತ್ತದೆ ಎಂಬ ನಂಬಿಕೆ ಸಂಗೀತದವರಲ್ಲಿ ಹಿಂದಿನಿಂದಲೂ ಇದೆ. ನನ್ನ ಪಿಟೀಲು ಮೇಷ್ಟ್ರು ಆ ರಾಗ ಬಂದಾಗ ನನ್ನನ್ನು ಹೊರಗೆ ಕಳಿಸಿ, ಇದೇ ಚಾವಡಿಯಲ್ಲಿ ಒಬ್ಬರೇ ಕೂತು ನುಡಿಸಿದ್ದರು. ನಾನು ಅಂಗಳದಲ್ಲಿ ನಿಂತು ಕೇಳಿ ಕೇಳಿ ಹಿಡಿದುಕೊಂಡೆ. ಹಾಗೆ ಮಾಡಲು ಮೇಷ್ಟ್ರಿಗೆ ಒಪ್ಪಿಗೆ ಕೊಟ್ಟವರು ತಮ್ಮಲೆಯೇ.

“ಎದುರು ಕೂತಿರಲಿಲ್ಲ, ಮುಖ ನೋಡಿರಲಿಲ್ಲ. ಆದರೂ ಬಂತು,” ಎಂದೆ. “ನನಗೆ ಬಂದದ್ದು ಅವರಿಗೆ ಯಾಕೆ ಬರಬಾರದು?”

ತಮ್ಮಲೆ ಅಮ್ಮನ ಕಡೆ ತಿರುಗಿದರು.

“ಇವಳನ್ನು ಮದ್ರಾಸಿಗೆ ಕಳಿಸಿದ್ದು ಯಾರು?”

“ನೀನೇ.”

“ಹೌದು, ನಾನೇ.” ಎದ್ದು ಚಾವಡಿಯ ತುದಿಗೆ ಹೋಗಿ ನಿಂತರು. “ನನಗೆ ತಿಳಿಯಿತು. ಆದರೆ ಊರಿಗೆ ಇಷ್ಟು ಕಿವಿ ಇಲ್ಲವಲ್ಲ. ನನಗೆ ಬಂದ ಸಂಶಯ ನಾಳೆ ದಾರಿಯಲ್ಲಿ ಹೋಗುವವನಿಗೆ ಬಂದರೆ ಅವನಿಗೂ ವರಾಳಿ ಬಾರಿಸಿ ತೋರಿಸುತ್ತೀಯೋ? ಭಾನುವಾರ ಅಕ್ಕ ತಮ್ಮ ಇಬ್ಬರನ್ನೂ ಇಲ್ಲಿಗೆ ಬರಲು ಹೇಳಿ. ನನ್ನ ಎದುರು, ಬಾಗಿಲು ತೆರೆದು, ಎಲ್ಲರಿಗೂ ಕಾಣುವ ಹಾಗೆ ಬಾರಿಸಿ.”

ಆ ಭಾನುವಾರ ಅವರು ಬಂದರು. ತಮ್ಮನದು ಇಸ್ತ್ರಿ ಮಾಡಿದ ಅಂಗಿ, ತೆಳ್ಳಗಿನ ಮುಖ, ಕೂದಲು ಹಣೆಯ ಮೇಲೆ ಕಡಿಮೆಯಾಗಿತ್ತು. ನಾನು ಅಂದುಕೊಂಡದ್ದಕ್ಕಿಂತ ಹಿರಿಯರು. ನಮಸ್ಕರಿಸಿ ಬೆಂಚಿನ ತುದಿಯಲ್ಲಿ ಕೂತರು. ಬಾಯಿ ಅಮ್ಮನ ಪಕ್ಕದಲ್ಲಿ, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು. ನೆರೆಯವರಲ್ಲೂ ಕೆಲವರನ್ನು ತಮ್ಮಲೆ ಕರೆಸಿದ್ದರು.

ನಾವು ಶುದ್ಧ ಧನ್ಯಾಸಿಯನ್ನೇ ನುಡಿಸಿದೆವು. ಅದು ಒಂದಿಷ್ಟೂ ಚೆನ್ನಾಗಿರಲಿಲ್ಲ. ಹತ್ತಿರದಲ್ಲಿ ಅವರ ಉಸಿರು ಕೇಳಿಸುತ್ತಿತ್ತು, ಬೆರಳಿನಡಿ ಕೀಲಿಗಳು ಕಟಕಟ ಎನ್ನುತ್ತಿದ್ದವು. ನಾನು ಮುಂದೆ ಹೋಗಲೆಂದು ಅವರು ಕಾಯುತ್ತಿದ್ದರು, ಅವರು ಮುಗಿಸಲೆಂದು ನಾನು ಕಾಯುತ್ತಿದ್ದೆ. ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಯಾರೂ ಒಳಗೆ ಹೋಗದ ಹಾಗೆ. ಅವರ ಹಣೆಯಲ್ಲಿ ಬೆವರು ಬಂತು. ಬಿಡಾರದಲ್ಲಿ ತಾವು ಉಳಿಯುವುದು ಈ ಒಂದು ಸಂಜೆಯ ಮೇಲೆ ನಿಂತಿದೆ ಎಂದು ಅವರು ತಿಳಿದಿದ್ದರು. ಬಾಯಿಯೂ ಹಾಗೇ ತಿಳಿದಿದ್ದರು. ಅವರ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು.

ನೆರೆಯವರು ಕಾಫಿ ಕುಡಿದು, ಮಳೆಯ ಮಾತಾಡಿ ಹೋದರು. ಅವರಿಗೆ ಕಾಣಬೇಕಾದದ್ದು ಕಂಡಿತ್ತು, ಅಷ್ಟು ಸಾಕಿತ್ತು. ಕ್ಲಾರಿನೆಟ್ಟಿನವರು ವಾದ್ಯವನ್ನು ಬಿಚ್ಚಿ ಪೆಟ್ಟಿಗೆಗೆ ಹಾಕತೊಡಗಿದರು.

“ಕ್ಷಮಿಸಬೇಕು ಧನಿಗಳು,” ಎಂದರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು. “ಇವತ್ತು ಸರಿಯಾಗಲಿಲ್ಲ.”

“ಸರಿಯಾಗಲಿಲ್ಲ, ಹೌದು,” ಎಂದರು ತಮ್ಮಲೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಪೆಟ್ಟಿಗೆ ಮುಚ್ಚುವುದು ಬೇಡ. ಇನ್ನೂ ಬೆಳಕು ಉಂಟು. ನೀನು ನಿನ್ನ ಮನೆಗೆ ಹೋಗಿ ಊದು ಮಾರಾಯ. ನನಗೆ ಅಲ್ಲಿಂದ ಕೇಳಿದರೇ ಒಳ್ಳೆಯದಾಗುವುದು.”

ಬಾಯಿ ಮೊದಲು ಎದ್ದರು. ಅಮ್ಮ ಅವರ ಕೈಗೆ ಹಲಸಿನ ಹಪ್ಪಳದ ಕಟ್ಟು ಕೊಟ್ಟರು. ಅಕ್ಕ ತಮ್ಮ ಇಬ್ಬರೂ ಅಂಗಳ ದಾಟಿ, ಬಸಳೆ ಚಪ್ಪರದ ಬದಿಯಿಂದ ಒಳಗೆ ಹೋದರು. ನಾನು ಕಿಟಕಿಯ ಬಳಿ ಕೂತು ಅವರ ಷಡ್ಜಕ್ಕಾಗಿ ಕಾದೆ.